ಸರ್ವೆ ನಂಬರ್ + ಹಿಸ್ಸಾ + ವರ್ಷ ಸೇರಿಸಿ ಮಾಡಿದ ಕೀ: ನಡುವೆ ಯಾವ ಚಿಹ್ನೆ ಹಾಕಬೇಕು?

ತೊಗರಿಕಣಜ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ರೈತ ಉತ್ಪಾದಕ ಕಂಪನಿಯೊಂದರ ತೊಗರಿ ಖರೀದಿ ಸಾಫ್ಟ್‌ವೇರ್ ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಡೇಟಾಬೇಸ್ ಮೈಎಸ್‌ಕ್ಯೂಎಲ್ 8. ನೋಂದಣಿ ಟೇಬಲ್‌ನ ಪ್ರೈಮರಿ ಕೀ (ಪ್ರತಿ ಸಾಲನ್ನು ಗುರುತಿಸುವ, ಮರುಕಳಿಸದ ಮೌಲ್ಯ) ಒಂದೇ ಉದ್ದನೆಯ ಸ್ಟ್ರಿಂಗ್ (ಅಕ್ಷರಗಳ ಸಾಲು). ಗ್ರಾಮ ಕೋಡ್, ಸರ್ವೆ, ಸರ್ನೋಕ್ (ಸರ್ವೆ ಮತ್ತು ಹಿಸ್ಸಾ ನಡುವಿನ ಉಪಸಂಖ್ಯೆ), ಹಿಸ್ಸಾ, ವರ್ಷ ಐದನ್ನೂ ಕಾನ್‌ಕ್ಯಾಟ್_ಡಬ್ಲ್ಯುಎಸ್ ಫಂಕ್ಷನ್‌ನಿಂದ ಅಡ್ಡಗೆರೆ ಹಾಕಿ ಜೋಡಿಸಿದ್ದಾರೆ:

000101-45-2-2024-25

(ಗ್ರಾಮ ಕೋಡ್ ಇಲ್ಲಿ ಉದಾಹರಣೆಗೆ ಮಾತ್ರ.) ಪಹಣಿಯಲ್ಲಿ ಇದೇ ಜಮೀನು 45/*/2 ಎಂದು ಇರುತ್ತದೆ. ನಡುವಿನ ನಕ್ಷತ್ರ ಬಂದರೆ ಸಾಫ್ಟ್‌ವೇರ್ ಅದನ್ನು ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಮಾಡುತ್ತದೆ, ಹಾಗಾಗಿ ಮೇಲಿನ ಕೀಯಲ್ಲಿ ಸರ್ನೋಕ್ ಕಾಣುವುದಿಲ್ಲ. ಬಿಡಿ ಕಾಲಂಗಳೂ ಅದೇ ಟೇಬಲ್‌ನಲ್ಲಿವೆ, ಆದರೆ ತೂಕದ ಚೀಟಿ, ಚೀಲದ ಲೆಕ್ಕ, ಪಾವತಿ ಟೇಬಲ್‌ಗಳೆಲ್ಲ ಈ ಸ್ಟ್ರಿಂಗ್ ಹಿಡಿದೇ ಜೋಡಣೆಯಾಗಿವೆ.

ತೊಂದರೆ ಏನೆಂದರೆ, ಕೆಲವು ಆಪರೇಟರ್‌ಗಳು ಸರ್ವೆ ಕಾಲಂನಲ್ಲೇ "45-1" ಎಂದು ಹೊಡೆದು ಹಿಸ್ಸಾದಲ್ಲಿ "2" ಹಾಕುತ್ತಾರೆ. ಇನ್ನು ಕೆಲವರು ಸರ್ವೆ "45", ಹಿಸ್ಸಾ "1-2" ಎನ್ನುತ್ತಾರೆ. ಎರಡಕ್ಕೂ ಹುಟ್ಟುವ ಕೀ ಒಂದೇ: 000101-45-1-2-2024-25. ಸೇವ್ ಮಾಡುವಾಗ 'ಕೀ ಇದ್ದರೆ ಅಪ್‌ಡೇಟ್ ಮಾಡು' ಎಂಬ ಆದೇಶ ಇರುವುದರಿಂದ ಎರರ್ ಬರುವುದಿಲ್ಲ. ಒಬ್ಬ ರೈತನ ನೋಂದಣಿ ಮೇಲೆ ಇನ್ನೊಬ್ಬನದು ಕೂತುಬಿಡುತ್ತದೆ, ಇಬ್ಬರ ತೂಕವೂ ಒಂದೇ ಲೆಕ್ಕದಲ್ಲಿ ಬೀಳುತ್ತದೆ.

ಅಡ್ಡಗೆರೆ ತೆಗೆದು ಬೇರೆ ಚಿಹ್ನೆ ಹಾಕಬೇಕೆಂದಿದ್ದೇನೆ. ಓರೆಗೆರೆ / ಆಗುವುದಿಲ್ಲ, ಹಿಸ್ಸಾದಲ್ಲಿ "2/1" ಬರುತ್ತದೆ. ಅಂಡರ್‌ಸ್ಕೋರ್, ಪೈಪ್ |, ಹ್ಯಾಶ್ #, ಕೋಲನ್ :, ಟಿಲ್ಡೆ ~ ಇವುಗಳಲ್ಲಿ ಯಾವುದು ಸುರಕ್ಷಿತ? ಹಿಸ್ಸಾದಲ್ಲಿ "1ಅ", "2ಆ" ತರಹದ ಕನ್ನಡ ಅಕ್ಷರಗಳಿವೆ. ಹಳೇ ವರ್ಷಗಳ ಗ್ರಾಮದ ಹೆಸರು, ರೈತರ ಹೆಸರು ನುಡಿ ಫಾಂಟಿನಲ್ಲಿ ಟೈಪ್ ಆಗಿವೆ, ಯೂನಿಕೋಡ್ ಅಲ್ಲ. ಅದನ್ನೂ ಗಮನದಲ್ಲಿಟ್ಟು ಹೇಳಿ.

ಭೀಮಾತೀರ (ಅಫಜಲಪುರ)

ಸರ್, ಚಿಹ್ನಿ ಹುಡುಕೋದು ಆಮ್ಯಾಲ ಇರ್ಲಿ. ಆ ಸ್ಟ್ರಿಂಗು ಪ್ರೈಮರಿ ಕೀ ಆಗಿ ಯಾಕ ಇರಬೇಕು, ಅದನ್ನ ಮೊದಲ ಕೇಳ್ಕೊಳ್ರಿ. ಮೈಎಸ್‌ಕ್ಯೂಎಲ್ ಇರ್ಲಿ, ಪೋಸ್ಟ್‌ಗ್ರೆಸ್ ಇರ್ಲಿ, ಕೀ ಒಳಗ ನಾಲ್ಕೈದು ಕಾಲಂ ಇಡಾಕ ಬರ್ತದ. ಮೈಎಸ್‌ಕ್ಯೂಎಲ್‌ದಾಗ ಒಂದು ಇಂಡೆಕ್ಸಿಗೆ 16 ಕಾಲಂ ತನಕ, ಪೋಸ್ಟ್‌ಗ್ರೆಸ್‌ದಾಗ 32 ತನಕ ನಡೀತದ. ನಿಮಗ ಬೇಕಾಗಿದ್ದು ಐದು. ಕಾಲಂ ಬ್ಯಾರೆ ಬ್ಯಾರೆ ಇದ್ದಾಗ ("45-1", "2") ಮತ್ತ ("45", "1-2") ಎಂದೂ ಒಂದಾಗಂಗಿಲ್ಲ. ನಡುವ ಚಿಹ್ನಿನೇ ಇಲ್ಲ ಅಂದಮ್ಯಾಲ ಅದು ತಪ್ಪೋ ಮಾತೂ ಇಲ್ಲ.

ನಾನಾದ್ರ ಹಿಂಗ ಮಾಡ್ತೀನಿ. ನೋಂದಣಿ ಟೇಬಲ್ಲಿಗೆ ತಾನಾಗೇ ಏರೋ ಒಂದು ನಂಬರ್, ಬಿಗ್‌ಇಂಟ್, ಅದು ಪ್ರೈಮರಿ ಕೀ. ಐದು ಕಾಲಂ ಸೇರಿಸಿ ಒಂದು ಯೂನಿಕ್ ಇಂಡೆಕ್ಸ್, ಅಂದ್ರ ಅದೇ ಮೌಲ್ಯ ಎರಡು ಸಲ ಬರದಂಗ ತಡಿಯೋ ಹುಡುಕಾಟದ ಪಟ್ಟಿ. ತೂಕದ ಚೀಟಿ, ಪಾವತಿ ಎಲ್ಲಾ ಆ ನಂಬರಿಗೇ ಜೋಡಣಿ. ಇದರಾಗ ಜಾಗದ ಲೆಕ್ಕಾನೂ ಅದ. ಮೈಎಸ್‌ಕ್ಯೂಎಲ್ ಒಳಗ ಡೇಟಾ ಇಡೋ ಇನ್ನೊಡಿಬಿ ಪ್ರತಿಯೊಂದು ಸೆಕೆಂಡರಿ ಇಂಡೆಕ್ಸ್ ಒಳಗ ಪ್ರೈಮರಿ ಕೀಯ ಪ್ರತಿ ಇಡ್ತದ. ಬಿಗ್‌ಇಂಟ್ ಅಂದ್ರ 8 ಬೈಟ್. ನಿಮ್ಮ ಈಗಿನ ಸ್ಟ್ರಿಂಗು ಹಿಸ್ಸಾದ ಕನ್ನಡ ಅಕ್ಷರ ಹಿಡಿದು 20 ಬೈಟ್ ದಾಟ್ತದ, ಯಾಕಂದ್ರ ಯುಟಿಎಫ್-8 ಒಳಗ ಒಂದೊಂದು ಕನ್ನಡ ಕೋಡಿಗೆ 3 ಬೈಟ್. ನಾಲ್ಕು ಇಂಡೆಕ್ಸ್ ಇದ್ರ ನಾಲ್ಕರಾಗೂ ಅದೇ ಹೊರಿ.

ಕಾಲಂ ಜೋಡಿಸಿದ ಇಂಡೆಕ್ಸಿನಾಗ ಕಾಲಂಗಳ ಕ್ರಮ ನೋಡಿ ಇಡ್ರಿ. ಎಡಗಡೆಯಿಂದ ಶುರು ಆದ ಹುಡುಕಾಟಕ್ಕಷ್ಟೇ ಅದು ಉಪಯೋಗ. (ಗ್ರಾಮ, ಸರ್ವೆ, ಸರ್ನೋಕ್, ಹಿಸ್ಸಾ, ವರ್ಷ) ಅಂತ ಇಟ್ರ 'ಈ ಗ್ರಾಮದ್ದೆಲ್ಲಾ ಕೊಡು' ಅನ್ನೋದು ಲಗೂ ಬರ್ತದ. 'ಈ ವರ್ಷದ್ದೆಲ್ಲಾ ಕೊಡು' ಅಂದ್ರ ಬರಂಗಿಲ್ಲ. ನಿಮ್ಮ ವರದಿ ಎಲ್ಲಾ ವರ್ಷದ ಮ್ಯಾಲ ಇದ್ರ ವರ್ಷ ಮೊದಲ ಇಡ್ರಿ.

ಈಗ ನಲ್ ವಿಷಯ. ಇದು ಅಡ್ಡಗೆರಿಗಿಂತ ದೊಡ್ಡ ತೂತು. ಕಾನ್‌ಕ್ಯಾಟ್_ಡಬ್ಲ್ಯುಎಸ್ ನಲ್ ಬಂದ್ರ ಅದನ್ನ ಜಿಗಿದು ಮುಂದ ಹೋಗ್ತದ, ಅದರ ಜಾಗಾನೂ ಬಿಡಂಗಿಲ್ಲ. ಸರ್ನೋಕ್ ನಲ್, ಹಿಸ್ಸಾ 2 ಇದ್ದಾಗ್ಲೂ 45-2, ಸರ್ನೋಕ್ 2, ಹಿಸ್ಸಾ ನಲ್ ಇದ್ದಾಗ್ಲೂ 45-2. ಚಿಹ್ನಿ ಯಾವುದು ಬದಲಿಸಿದ್ರೂ ಈ ಡಿಕ್ಕಿ ಹಂಗೇ ಉಳೀತದ. ಪೋಸ್ಟ್‌ಗ್ರೆಸ್‌ದಾಗೂ ಆ ಫಂಕ್ಷನ್ನಿನ ಸ್ವಭಾವ ಇದೇ. ಬರೇ ಕಾನ್‌ಕ್ಯಾಟ್ ಹಾಕಿದ್ರ ಮೈಎಸ್‌ಕ್ಯೂಎಲ್‌ದಾಗ ಒಂದು ನಲ್ ಇದ್ರ ಇಡೀ ಉತ್ತರಾನೇ ನಲ್.

ಕಾಲಂ ಬಿಡಿಯಾಗಿ ಇಟ್ರೂ ನಲ್ ಬಿಡಬ್ಯಾಡ್ರಿ. ಯೂನಿಕ್ ಇಂಡೆಕ್ಸ್ ಒಂದು ನಲ್ಲು ಇನ್ನೊಂದು ನಲ್ಲಿಗೆ ಸಮ ಅಂತ ಹಿಡಿಯಂಗಿಲ್ಲ. ಅದೇ ಜಮೀನು ಹಿಸ್ಸಾ ನಲ್ ಅಂತ ಹತ್ತು ಸಲ ಏರಿಸಿದ್ರೂ ಸುಮ್ಮನ ತಗೋತದ. ಪೋಸ್ಟ್‌ಗ್ರೆಸ್ 15ರಿಂದ ನಲ್ಲನ್ನೂ ಸಮ ಹಿಡಿಯೋ ಆಯ್ಕಿ ಬಂದದ, ಮೈಎಸ್‌ಕ್ಯೂಎಲ್‌ದಾಗ ಇಲ್ಲ. ಐದೂ ಕಾಲಂ 'ನಾಟ್ ನಲ್' ಮಾಡಿ, ಖಾಲಿ ಇದ್ದಲ್ಲಿ ಪಹಣಿಯೊಳಗ ಇದ್ದಂಗ ನಕ್ಷತ್ರಾನೇ ಇಡ್ರಿ. ಖಾಲಿ ಸ್ಟ್ರಿಂಗು ಇಟ್ರೂ ಮೈಎಸ್‌ಕ್ಯೂಎಲ್‌ದಾಗ ನಡೀತದ, ಆದ್ರ ನಾಳೆ ಡೇಟಾ ಒರಾಕಲ್‌ಗೆ ಹೋದ್ರ ಅಲ್ಲಿ ಖಾಲಿ ಸ್ಟ್ರಿಂಗು ಅಂದ್ರನೇ ನಲ್.

ಇನ್ನೊಂದು. ಕೀ ಒಳಗ ಜಿಲ್ಲಾ, ತಾಲ್ಲೂಕು ಹೆಸರು ಸೇರಿಸೋ ವಿಚಾರ ಬಂದ್ರ ಅಲ್ಲೇ ಬಿಡ್ರಿ. 2009ರ ಡಿಸೆಂಬರ್ 30ಕ್ಕ ಯಾದಗಿರಿ ಬ್ಯಾರೆ ಜಿಲ್ಲಾ ಆಯ್ತು. 2014ರ ನವೆಂಬರ್ 1ಕ್ಕ ಗುಲ್ಬರ್ಗಾ ಹೋಗಿ ಕಲಬುರಗಿ ಬಂತು. ಆಮ್ಯಾಲ ಜೇವರ್ಗಿಯಿಂದ ಯಡ್ರಾಮಿ, ಸುರಪುರದಿಂದ ಹುಣಸಗಿ ತಾಲ್ಲೂಕಾಗಿ ಒಡದವು. ಹೊಲ ಇದ್ದಲ್ಲೇ ಅದ, ಕೀ ಮಾತ್ರ ಸುಳ್ಳಾಗ್ತದ.

ಕಡೀ ಮಾತು, ಈ ಐದು ಕಾಲಂ ಸಾಕೇನು ನೋಡ್ರಿ. ಜಂಟಿ ಖಾತೆ ಇದ್ರ ಒಂದೇ ಹಿಸ್ಸಾಕ್ಕ ಅಣ್ಣ ತಮ್ಮ ಇಬ್ಬರೂ ನೋಂದಣಿ ಮಾಡಸ್ತಾರ. ಹಂಗಿದ್ರ ರೈತನ ನೋಂದಣಿ ಸಂಖ್ಯಾನೂ ಯೂನಿಕ್ ಇಂಡೆಕ್ಸಿನಾಗ ಬರಬೇಕು.

ಸಗರನಾಡು (ಯಾದಗಿರಿ)

ಭೀಮಾತೀರ ಅವರು ಹೇಳಿದ್ದು ಸರಿ, ಆದರೆ ಓಡುತ್ತಿರುವ ಸಾಫ್ಟ್‌ವೇರ್‌ನಲ್ಲಿ ಎಲ್ಲ ಟೇಬಲ್ ಬದಲಿಸುವುದು ಒಂದು ದಿನದ ಕೆಲಸವಲ್ಲ. ಸದ್ಯಕ್ಕೆ ಯಾರೂ ಕೀಬೋರ್ಡಿನಿಂದ ಹೊಡೆಯಲಾರದ ಚಿಹ್ನೆ ಹಾಕಿದರೆ ಸಾಲದೇ? ಉದಾಹರಣೆಗೆ § ಚಿಹ್ನೆ. ಇಲ್ಲವಾದರೆ ಆಸ್ಕಿಯಲ್ಲಿ ಇದಕ್ಕೆಂದೇ ನಾಲ್ಕು ಕೋಡ್‌ಗಳಿವೆ, 28ರಿಂದ 31. ಫೈಲ್, ಗುಂಪು, ರೆಕಾರ್ಡ್, ಯೂನಿಟ್ ಬೇರ್ಪಡಿಸಲು ಅಂತಲೇ ಇಟ್ಟಿದ್ದು. ಕೋಡ್ 31 ಹಾಕಿದರೆ ಯಾವ ಹಿಸ್ಸಾದಲ್ಲೂ ಅದು ಬರುವ ಸಾಧ್ಯತೆ ಇಲ್ಲ. ಅದೂ ಬೇಡವೆಂದರೆ ಎರಡು ಪೈಪ್ || ಹಾಕಿ, ಇಡೀ ಸ್ಟ್ರಿಂಗ್‌ಗೆ ಶಾ-256 ಹ್ಯಾಶ್ (ಯಾವ ಸ್ಟ್ರಿಂಗ್‌ನಿಂದಲೂ ಒಂದೇ ಉದ್ದದ ಗುರುತು ತೆಗೆಯುವ ಲೆಕ್ಕ) ಮಾಡಿ. ಉದ್ದವೂ ಒಂದೇ ಸಮ ಬರುತ್ತದೆ.

ಬಿದರಿ ಕುಸುರಿ (ಬೀದರ್)

ಸಗರನಾಡು ಅವರೇ, ಈ ಮೂರೂ ಸಲಹೆ ಎಲ್ಲ ಕಡೆ ಕೇಳಿಬರುತ್ತವೆ. ಈ ಡೇಟಾಗೆ ಮೂರೂ ಹೊಂದುವುದಿಲ್ಲ. ಒಂದೊಂದಾಗಿ ಹೇಳುತ್ತೇನೆ.

§ ಮೊದಲು. ನುಡಿ, ಬರಹದ ಹಳೇ ಆಸ್ಕಿ ಫಾಂಟುಗಳಲ್ಲಿ ಕನ್ನಡ ಅಕ್ಷರಕ್ಕೆ ಸ್ವಂತ ಕೋಡ್ ಇಲ್ಲ. ಇಂಗ್ಲಿಷ್ ಅಕ್ಷರ, ಲ್ಯಾಟಿನ್ ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದಾರೆ. ಅಲ್ಲಿ § (ಕೋಡ್ 167) ಎಂದರೆ 'ಬ'. ® (174) ಎಂದರೆ 'ಲ'. ಪೈಪ್‌ನಂತೆಯೇ ಕಾಣುವ ಮುರಿದ ಗೆರೆ ¦ (166) ಎಂದರೆ 'ಪಿ'. ನುಡಿಯಲ್ಲಿ 'ಕಲಬುರಗಿ' ಎಂದು ಟೈಪ್ ಮಾಡಿದ ಪ್ರತಿ ಸಾಲಿನಲ್ಲೂ § ಇದ್ದೇ ಇರುತ್ತದೆ. ಯಾರೂ ಹೊಡೆಯುವುದಿಲ್ಲ ಎಂದುಕೊಂಡ ಚಿಹ್ನೆ ನಮ್ಮ ಕಚೇರಿಗಳ ಹಳೇ ಫೈಲುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಡೆದಿರುವ ಚಿಹ್ನೆಗಳಲ್ಲೊಂದು. ಪಿಕ್ ಕುಟುಂಬದ ಹಳೇ ಡೇಟಾಬೇಸ್‌ಗಳು 252, 253, 254 ಕೋಡ್‌ಗಳನ್ನೇ ಒಳಗಿನ ಬೇರ್ಪಡಿಕೆಗೆ ಇಟ್ಟುಕೊಂಡಿವೆ. ನುಡಿಯಲ್ಲಿ 252 'ಅಧಿಕಾರಿ' ಪದದ 'ಧಿ' ಬರೆಯಲು ಬೇಕಾಗುತ್ತದೆ. ಹಾಗಾಗಿ 127ರ ಮೇಲಿನ ಯಾವ ಚಿಹ್ನೆಯನ್ನೂ ಈ ಡೇಟಾದಲ್ಲಿ ನಂಬಬೇಡಿ.

ಇನ್ನು ಕೋಡ್ 31. ಇದರ ಅಪಾಯ ಕಣ್ಣಿಗೆ ಬೀಳುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಮೈಎಸ್‌ಕ್ಯೂಎಲ್ 8ರಲ್ಲಿ ಏನೂ ಹೇಳದೆ ಟೇಬಲ್ ಮಾಡಿದರೆ ಬರುವ ಕೊಲೇಶನ್ (ಅಕ್ಷರಗಳನ್ನು ಹೋಲಿಸುವ, ವಿಂಗಡಿಸುವ ನಿಯಮ) ಯುಟಿಎಫ್8ಎಂಬಿ4_0900_ಎಐ_ಸಿಐ. ಅದು ಯೂನಿಕೋಡ್ ಕೊಲೇಶನ್ ಕ್ರಮವನ್ನು ಅನುಸರಿಸುತ್ತದೆ. ಆ ಕ್ರಮದಲ್ಲಿ 28ರಿಂದ 31ರ ನಿಯಂತ್ರಣ ಕೋಡ್‌ಗಳಿಗೆ ತೂಕವೇ ಇಲ್ಲ, ಹೋಲಿಕೆಯಲ್ಲಿ ಅವು ಇಲ್ಲವೆಂದೇ ಲೆಕ್ಕ. ಸರ್ವೆ 1, ಹಿಸ್ಸಾ 12 ಒಂದು ಕಡೆ. ಸರ್ವೆ 11, ಹಿಸ್ಸಾ 2 ಇನ್ನೊಂದು ಕಡೆ. ನಡುವೆ ಕೋಡ್ 31 ಹಾಕಿ ಜೋಡಿಸಿದರೆ ಬೈಟ್‌ಗಳು ಬೇರೆ ಬೇರೆ, ಆದರೆ ಡೇಟಾಬೇಸ್ ಎರಡನ್ನೂ 112 ಎಂದೇ ಓದಿ ಸಮ ಎನ್ನುತ್ತದೆ. ಯೂನಿಕ್ ಇಂಡೆಕ್ಸ್ ಎರಡನೆಯದನ್ನು ತಿರಸ್ಕರಿಸುತ್ತದೆ. ತೊಗರಿಕಣಜ ಅವರ ಸಾಫ್ಟ್‌ವೇರ್‌ನಲ್ಲಿ ತಿರಸ್ಕರಿಸುವ ಬದಲು ಮೊದಲನೆಯದರ ಮೇಲೆ ಬರೆಯುತ್ತದೆ. ಅಡ್ಡಗೆರೆಯಾದರೂ ಹೋಲಿಕೆಯಲ್ಲಿ ಎಣಿಕೆಗೆ ಬರುತ್ತಿತ್ತು.

ಅದರ ಜೊತೆಗೆ ಕೋಡ್ 31 ಎಕ್ಸ್‌ಎಂಎಲ್ 1.0ರಲ್ಲಿ ನಿಷಿದ್ಧ. 32ಕ್ಕಿಂತ ಕೆಳಗಿನವುಗಳಲ್ಲಿ 9, 10, 13 ಮಾತ್ರ ನಡೆಯುತ್ತವೆ. ಎಕ್ಸ್‌ಎಂಎಲ್ ಮೂಲಕ ಲೆಕ್ಕದ ಸಾಫ್ಟ್‌ವೇರ್‌ಗೆ ಡೇಟಾ ಕಳುಹಿಸುವವರಿಗೆ ಫೈಲ್ ಅಲ್ಲೇ ನಿಲ್ಲುತ್ತದೆ. ಪರದೆ ಮೇಲೆ ಕಾಣದಿರುವುದರಿಂದ ಫೋನಿನಲ್ಲಿ ಕೀ ಓದಿ ಹೇಳುವುದೂ ಆಗುವುದಿಲ್ಲ.

ಹ್ಯಾಶ್ ಬಗ್ಗೆ ಒಂದೇ ಮಾತು. ಹ್ಯಾಶ್‌ಗೆ ಕೊಡುವ ಮೊದಲೇ ಎರಡು ಸ್ಟ್ರಿಂಗ್ ಒಂದಾಗಿದ್ದರೆ ಹ್ಯಾಶ್ ಕೂಡ ಒಂದೇ. ಡಿಕ್ಕಿ ಮಾಯವಾಗುವುದಿಲ್ಲ, ಹುಡುಕುವುದು ಕಷ್ಟವಾಗುತ್ತದೆ ಅಷ್ಟೆ. ಎರಡು ಪೈಪ್ ಹಾಕಿದರೂ, ಭಾಗವೊಂದು ಪೈಪ್‌ನಿಂದ ಮುಗಿದರೆ ಮೂರು ಪೈಪ್ ಸಾಲಾಗಿ ಬಂದು ಎಲ್ಲಿ ಕತ್ತರಿಸಬೇಕೆಂದು ತಿಳಿಯುವುದಿಲ್ಲ.

ಗ್ರಾಮದ ಹೆಸರನ್ನು ಕೀಯಲ್ಲಿ ಎಲ್ಲೂ ಬಳಸಬೇಡಿ, ಯೂನಿಕೋಡ್ ಆದರೂ. 'ಆಳಂದ್' ಎಂದು ಹೊಡೆದು ಕೊನೆಗೆ ಕಾಣದ ಜೋಡಣೆ-ತಡೆ ಅಕ್ಷರ (ಕೋಡ್ 8204) ಬಿದ್ದರೆ ನೋಡಲು ಅದೇ ಪದ, ಬೈಟ್ ಬೇರೆ. 'ಕೊ' ಬರೆಯುವಾಗ ಒಕಾರದ ಚಿಹ್ನೆ ಒಂದೇ ಕೋಡ್ ಆಗಿ ಬರಬಹುದು, ಎಕಾರ ಮತ್ತು ದೀರ್ಘ ಉಕಾರದ ಎರಡು ಕೋಡ್ ಸೇರಿಯೂ ಬರಬಹುದು. ಎನ್‌ಎಫ್‌ಸಿ ರೂಪಕ್ಕೆ (ಯೂನಿಕೋಡ್‌ನ ಏಕರೂಪದ ಬರವಣಿಗೆ) ತಂದರೆ ಎರಡನೆಯದು ಸರಿಹೋಗುತ್ತದೆ, 8204 ಹಾಗೇ ಉಳಿಯುತ್ತದೆ. ಅದನ್ನು ಪ್ರತ್ಯೇಕವಾಗಿ ತೆಗೆಯಬೇಕು. 'ಔರಾದ್ (ಬಿ)', 'ಗೊಬ್ಬೂರ (ಬಿ)' ತರಹದ ಹೆಸರುಗಳಲ್ಲಿ ಖಾಲಿ ಜಾಗ, ಆವರಣ ಎರಡೂ ಇವೆ. ಒಬ್ಬರು 'ಔರಾದ್(ಬಿ)', ಇನ್ನೊಬ್ಬರು 'ಔರಾದ್ ಬಿ'. ಸರ್ಕಾರದ ಆರು ಅಂಕಿಯ ಗ್ರಾಮ ಕೋಡ್ ಇದೆಯಲ್ಲ, ಅದೇ ಸಾಕು. ಹಿಸ್ಸಾದ "1ಅ"ಗೆ ಮಾತ್ರ ಸೇವ್ ಮಾಡುವಾಗಲೇ ಎನ್‌ಎಫ್‌ಸಿ ಮಾಡಿ, 8204, ಅದರ ಜೋಡಿಯಾದ ಕಾಣದ ಜೋಡಣೆ ಅಕ್ಷರ 8205 ಎರಡನ್ನೂ ಕಿತ್ತುಹಾಕಿ.

ತೊಗರಿಕಣಜ (ಕಲಬುರಗಿ)

ಇಬ್ಬರಿಗೂ ಧನ್ಯವಾದ. ಮುಖ್ಯ ಡೇಟಾಬೇಸ್‌ನಲ್ಲಿ ಕಾಲಂ ಬಿಡಿಯಾಗಿಟ್ಟು ನಂಬರ್ ಕೀ ಮಾಡುವುದು ಖಚಿತ. ಆದರೆ ಮೂರು ಕಡೆ ಸ್ಟ್ರಿಂಗ್ ಇಲ್ಲದೆ ನಡೆಯುವುದಿಲ್ಲ. ಒಂದು, ಖರೀದಿ ಕೇಂದ್ರದ ಮೊಬೈಲ್ ಆ್ಯಪ್ ನೆಟ್‌ವರ್ಕ್ ಇಲ್ಲದಿದ್ದಾಗ ನೋಂದಣಿ ಮಾಡುತ್ತದೆ, ಆಗ ಸರ್ವರ್‌ನ ನಂಬರ್ ಸಿಗುವುದಿಲ್ಲ. ಸಂಜೆ ಸಿಂಕ್ ಆಗುವಾಗ ರೆಡಿಸ್ (ಕೀ ಹಿಡಿದು ಡೇಟಾ ಇಡುವ ವೇಗದ ಸಂಗ್ರಹ) ಮೂಲಕ ಹೋಗುತ್ತದೆ. ಎರಡು, 50 ಕಿಲೋ ಚೀಲದ ಮೇಲಿನ ಬಾರ್‌ಕೋಡ್ ಲೇಬಲ್. ಮೂರು, ಪಹಣಿ ಫೋಟೋದ ಫೈಲ್ ಹೆಸರು. ಇವಕ್ಕೆ ಒಂದೇ ಚಿಹ್ನೆ ಸಾಧ್ಯವೇ?

ಬಿದರಿ ಕುಸುರಿ (ಬೀದರ್)

ಮೂರಕ್ಕೂ ಒಂದೇ ಸ್ಟ್ರಿಂಗ್ ಬೇಡ. ಸಿಂಕ್‌ಗೆ ಮಾತ್ರ ಜೋಡಿಸಿದ ಕೀ ಬೇಕು. ಅದಕ್ಕೆ ನನ್ನ ಆಯ್ಕೆ ಹ್ಯಾಶ್ ಚಿಹ್ನೆ #, ಜೊತೆಗೆ ಟಿಲ್ಡೆಯಿಂದ ಎಸ್ಕೇಪ್ (ಡೇಟಾದೊಳಗೇ ಆ ಚಿಹ್ನೆ ಬಂದರೆ ಅದನ್ನು ಬೇರೆ ಗುರುತಾಗಿ ಬರೆಯುವುದು). # ಡೇಟಾದಲ್ಲಿ ಬರುವುದಿಲ್ಲ ಎಂಬ ನಂಬಿಕೆ ಇದಕ್ಕೆ ಬೇಕಿಲ್ಲ. ಬಂದರೂ ಕೀ ಕೆಡುವುದಿಲ್ಲ, ಆಯ್ಕೆಗೆ ಅದೇ ಕಾರಣ.

ಪ್ರತಿ ಭಾಗದಲ್ಲೂ ಮೊದಲು ~ ಇದ್ದರೆ ~0 ಮಾಡಿ. ಅದಾದ ಮೇಲೆ # ಇದ್ದರೆ ~1 ಮಾಡಿ. ನಂತರ ಐದು ಭಾಗಗಳನ್ನು # ಹಾಕಿ ಜೋಡಿಸಿ. ಬಿಡಿಸುವಾಗ ಮೊದಲು # ಮೇಲೆ ಕತ್ತರಿಸಿ, ತುಂಡುಗಳು ಸರಿಯಾಗಿ ಐದೇ ಇವೆಯೇ ಎಣಿಸಿ, ಇಲ್ಲದಿದ್ದರೆ ಆ ಕೀ ತಗೊಳ್ಳಲೇಬೇಡಿ. ಆಮೇಲೆ ಪ್ರತಿ ತುಂಡಿನಲ್ಲಿ ~1 ಅನ್ನು # ಮಾಡಿ, ಕೊನೆಗೆ ~0 ಅನ್ನು ~ ಮಾಡಿ. ಜೇಸನ್ ಪಾಯಿಂಟರ್ ಎಂಬ ಮಾನದಂಡದಲ್ಲಿ (ಆರ್‌ಎಫ್‌ಸಿ 6901, 2013) ಓರೆಗೆರೆಗೆ ಇದೇ ಪದ್ಧತಿ ಇದೆ.

ಈ ಕ್ರಮ ಅದಲುಬದಲಾದರೆ ಕೆಡುತ್ತದೆ. ಯಾರೋ ಹಿಸ್ಸಾದಲ್ಲಿ "~1" ಎಂದೇ ಹೊಡೆದಿದ್ದಾರೆ ಎಂದುಕೊಳ್ಳಿ. ಸರಿಯಾಗಿ ಎಸ್ಕೇಪ್ ಮಾಡಿದರೆ "~01". ಬಿಡಿಸುವಾಗ ~0 ಅನ್ನು ಮೊದಲು ತಿರುಗಿಸಿದರೆ "~1" ಬರುತ್ತದೆ, ಮುಂದಿನ ಹೆಜ್ಜೆ ಅದನ್ನು # ಮಾಡಿಬಿಡುತ್ತದೆ. ~1 ಮೊದಲು ಹುಡುಕಿದರೆ "~01"ನಲ್ಲಿ ಅದು ಸಿಗುವುದಿಲ್ಲ, ಆಮೇಲೆ ~0 ತಿರುಗಿ ಮೂಲದ "~1" ಹಾಗೇ ಸಿಗುತ್ತದೆ. ಟೆಸ್ಟ್ ಬರೆಯುವಾಗ "~1", "~01", "#", "##", ಬರೀ "~" ಮತ್ತು ಖಾಲಿ ಸ್ಟ್ರಿಂಗ್ ಈ ಆರನ್ನೂ ಐದು ಜಾಗಗಳಲ್ಲಿಟ್ಟು ಜೋಡಿಸಿ ಬಿಡಿಸಿ ನೋಡಿ.

# ಯಾಕೆ, ಬೇರೆಯವು ಯಾಕಲ್ಲ? ಅಂಡರ್‌ಸ್ಕೋರ್ ಎಸ್‌ಕ್ಯೂಎಲ್‌ನ ಲೈಕ್ ಹುಡುಕಾಟದಲ್ಲಿ 'ಯಾವುದಾದರೂ ಒಂದು ಅಕ್ಷರ' ಎಂಬ ಅರ್ಥ ಹೊತ್ತಿದೆ. 45_ ಇಂದ ಶುರುವಾಗುವವು ಬೇಕೆಂದರೆ 451, 452 ಎಲ್ಲ ಬರುತ್ತವೆ. ಇನ್ನು ವಿಂಗಡಣೆಯ ಕ್ರಮ. ಅಂಕಿಗಳ ಕೋಡ್ 48ರಿಂದ 57. ಪೈಪ್ 124, ಟಿಲ್ಡೆ 126, ಕೋಲನ್ 58, ಮೂರೂ ಅಂಕಿಗಳಿಗಿಂತ ಮೇಲೆ. ಹಾಗಾಗಿ 12|1 ಮೊದಲು ಬಂದು 1|5 ಆಮೇಲೆ ಬರುತ್ತದೆ. # ಕೋಡ್ 35, ಅಂಕಿಗಳಿಗಿಂತ ಕೆಳಗೆ, 1#5 ಆದ ಮೇಲೆಯೇ 12#1. ಒಂದು ಗ್ರಾಮದ ಎಲ್ಲ ಕೀಗಳು ಬೇಕಾದರೆ '000101#'ಗಿಂತ ಕಡಿಮೆಯಿಲ್ಲದ, '000101$'ಗಿಂತ ಚಿಕ್ಕದಾದ ಎಲ್ಲವನ್ನೂ ಕೇಳಿ. $ ಕೋಡ್ 36, #ನ ಪಕ್ಕದ್ದು. ಸಂಖ್ಯೆಯ ಕ್ರಮವೂ ಸರಿ ಬರಬೇಕೆಂದರೆ ಸರ್ವೆಯನ್ನು ಕೀಯೊಳಗೆ ಮಾತ್ರ ನಾಲ್ಕು ಅಂಕಿಗೆ ತುಂಬಿಸಿ, 0045. ಅದಕ್ಕೆ ಮೊದಲು ನಿಮ್ಮಲ್ಲಿರುವ ಅತಿ ದೊಡ್ಡ ಸರ್ವೆ ನಂಬರ್ ನೋಡಿಕೊಳ್ಳಿ.

ಈ ಲೆಕ್ಕವೆಲ್ಲ ಬೈಟ್ ಕ್ರಮದ ಕೊಲೇಶನ್ ಇದ್ದಾಗ ಮಾತ್ರ ನಡೆಯುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಆ ಕಾಲಂಗೆ ಯುಟಿಎಫ್8ಎಂಬಿ4_ಬಿನ್, ಪೋಸ್ಟ್‌ಗ್ರೆಸ್‌ನಲ್ಲಿ 'ಸಿ' ಕೊಲೇಶನ್ ಕೊಡಿ. ಪೋಸ್ಟ್‌ಗ್ರೆಸ್ ಬಳಸುವವರು ಇದನ್ನು ಕಡೆಗಣಿಸಲೇಬಾರದು. 2018ರಲ್ಲಿ ಬಂದ ಲಿನಕ್ಸ್‌ನ ಮೂಲ ಲೈಬ್ರರಿ ಜಿಲಿಬ್‌ಸಿ 2.28 ಲಿನಕ್ಸ್‌ನ ವಿಂಗಡಣೆ ಕ್ರಮವನ್ನೇ ಬದಲಿಸಿತು. ಹಳೇ ಆವೃತ್ತಿಯಲ್ಲಿ 11 ಮೊದಲು, 1-1 ಆಮೇಲೆ. ಹೊಸದರಲ್ಲಿ 1-1 ಮೊದಲು. ಡೇಟಾಬೇಸ್ ಮುಟ್ಟದೆ ಬರೀ ಆಪರೇಟಿಂಗ್ ಸಿಸ್ಟಂ ಮೇಲ್ದರ್ಜೆಗೇರಿಸಿದಾಗ ಹಳೇ ಕ್ರಮದ ಇಂಡೆಕ್ಸ್ ಹಾಗೇ ಉಳಿದು, ಇರುವ ಸಾಲು ಇಲ್ಲವೆಂದು ಉತ್ತರ ಬರುತ್ತದೆ, ಅದೇ ಕೀ ಎರಡು ಸಲ ಸೇರುತ್ತದೆ. ಇಂಡೆಕ್ಸ್ ಹೊಸದಾಗಿ ಕಟ್ಟುವುದೇ ಅದಕ್ಕೆ ದಾರಿ. 'ಸಿ' ಕೊಲೇಶನ್ ಇದ್ದ ಕಾಲಂಗೆ ಈ ಬಾಧೆ ಇಲ್ಲ.

ರೆಡಿಸ್‌ನಲ್ಲಿ ಕೋಲನ್ ಹಾಕುವ ರೂಢಿ ಇದೆ, ಆದರೆ ಅದು ರೂಢಿ ಮಾತ್ರ, ರೆಡಿಸ್‌ಗೆ # ಆದರೂ ಒಂದೇ. ನೀವು ಜಾಗ್ರತೆ ವಹಿಸಬೇಕಾದ್ದು ನಕ್ಷತ್ರದ ಬಗ್ಗೆ. ಸ್ಕ್ಯಾನ್ ಆದೇಶದ ಮ್ಯಾಚ್ ಮಾದರಿಯಲ್ಲಿ * ಎಂದರೆ 'ಏನಾದರೂ'. 000101#0045#*#2#2024 ಎಂದು ಹುಡುಕಿದರೆ ಸರ್ನೋಕ್ ಏನಿದ್ದರೂ ಬರುತ್ತದೆ. ನಕ್ಷತ್ರದ ಹಿಂದೆ ಹಿಂಗೆರೆ \ ಹಾಕಬೇಕು. ಪೂರ್ತಿ ಕೀ ಕೈಯಲ್ಲಿದ್ದರೆ ಸ್ಕ್ಯಾನ್ ಯಾಕೆ, ನೇರ ಗೆಟ್ ಮಾಡಿ. ಈ ಕೀ ವೆಬ್ ವಿಳಾಸದೊಳಗೆ ಹೋಗುವುದಾದರೆ # ಅನ್ನು %23 ಮಾಡಲೇಬೇಕು. ಬ್ರೌಸರ್ # ನಂತರದ ಭಾಗವನ್ನು ಸರ್ವರ್‌ಗೆ ಕಳಿಸುವುದೇ ಇಲ್ಲ.

ಮೇಲಿನ ಉದಾಹರಣೆಯಲ್ಲಿ ವರ್ಷ 2024 ಎಂದಷ್ಟೇ ಇದೆ, ಗಮನಿಸಿ. 2024-25 ಎಂಬುದು ತೋರಿಸುವ ರೂಪ. ಕಾಲಂನಲ್ಲಿ ಶುರುವಿನ ವರ್ಷ ಸಂಖ್ಯೆಯಾಗಿ ಇದ್ದರೆ ಸಾಕು.

ಲೇಬಲ್‌ಗೆ ಈ ಕೀ ಹಾಕಬೇಡಿ. ಕೋಡ್ 39 ಬಾರ್‌ಕೋಡ್‌ನಲ್ಲಿ ಇರುವುದೇ 43 ಅಕ್ಷರ: ಅಂಕಿ, ಇಂಗ್ಲಿಷ್ ದೊಡ್ಡಕ್ಷರ, ಖಾಲಿ ಜಾಗ ಮತ್ತು - . $ / + % ಇಷ್ಟೇ. # ಇಲ್ಲ, ನಕ್ಷತ್ರ ಅಲ್ಲಿ ಶುರು-ಕೊನೆಯ ಗುರುತು, ಹಿಸ್ಸಾದ 'ಅ' ಹೇಗೂ ಬರುವುದಿಲ್ಲ. ಕ್ಯೂಆರ್‌ನಲ್ಲಿ ಎಲ್ಲವೂ ಹಿಡಿಸುತ್ತದೆ, ಆದರೆ ಕನ್ನಡ ಅಕ್ಷರ ಬಂದರೆ ಬೈಟ್ ವಿಧಾನಕ್ಕೆ ಹೋಗಿ ಚೌಕ ದೊಡ್ಡದಾಗುತ್ತದೆ. ಗೋಣಿಚೀಲದ ಮೇಲಿನ ಮುದ್ರಣಕ್ಕೆ ಚಿಕ್ಕ ಡೇಟಾ, ದಪ್ಪ ಗೆರೆ ಒಳ್ಳೆಯದು. ಕೇಂದ್ರದ ಸಂಖ್ಯೆ, ಚೀಲದ ಸಂಖ್ಯೆ, ಓದುವಾಗಿನ ತಪ್ಪು ಹಿಡಿಯಲು ಒಂದು ತಾಳೆ ಅಂಕಿ ಸಾಕು. ಯಾರ ಚೀಲ ಎಂಬುದನ್ನು ಡೇಟಾಬೇಸ್ ಹೇಳುತ್ತದೆ.

ಫೋಟೋಗೂ ಅಷ್ಟೆ. ವಿಂಡೋಸ್‌ನಲ್ಲಿ \ / : * ? " < > | ಈ ಒಂಬತ್ತು ಫೈಲ್ ಹೆಸರಿನಲ್ಲಿ ಬರುವಂತಿಲ್ಲ, ನಿಮ್ಮ ಸರ್ನೋಕ್‌ನ ನಕ್ಷತ್ರವೇ ತಡೆಯುತ್ತದೆ. ಆ್ಯಪ್ ಫೋಟೋ ತೆಗೆದಾಗ ಒಂದು ಯುಯುಐಡಿ (ಎಲ್ಲೂ ಮರುಕಳಿಸದಂಥ ಗುರುತು) ಕೊಟ್ಟು ಅದನ್ನೇ ಹೆಸರಾಗಿಸಿ.

ಸಗರನಾಡು (ಯಾದಗಿರಿ)

ಕೋಡ್ 31ರ ತೂಕದ ವಿಷಯ ಟೆಸ್ಟ್ ಸರ್ವರ್‌ನಲ್ಲಿ ಹಾಕಿ ನೋಡಿದೆ, ಹೇಳಿದಂತೆಯೇ ಎರಡೂ ಸಮ ಎಂದು ಬಂತು. _ಬಿನ್ ಕೊಟ್ಟರೆ ಬೇರೆ ಬೇರೆ. ಒಂದು ಸಂಶಯ: ಎಸ್ಕೇಪ್ ಬದಲು ಪ್ರತಿ ಭಾಗದ ಮುಂದೆ ಅದರ ಉದ್ದ ಬರೆದರೆ? 2:45, 3:2/1 ಹೀಗೆ. ಆಗ ಯಾವ ಅಕ್ಷರ ಬಂದರೂ ಚಿಂತೆಯಿಲ್ಲವಲ್ಲ.

ಬಿದರಿ ಕುಸುರಿ (ಬೀದರ್)

ಹ್ಯಾಶ್ ಮಾಡುವ ಮೊದಲು ಜೋಡಿಸಲು ಅದು ಒಳ್ಳೆಯ ವಿಧಾನ, ಡಿಕ್ಕಿ ಆಗುವುದಿಲ್ಲ. ಕೀಯಾಗಿ ಇಡಲು ಮಾತ್ರ ಬೇಡ. ಉದ್ದ ಮುಂದೆ ಬಂದರೆ ವಿಂಗಡಣೆ ಉದ್ದದ ಮೇಲೆ ಆಗುತ್ತದೆ. ಉದ್ದ ಅಕ್ಷರದ ಲೆಕ್ಕವೋ ಬೈಟ್ ಲೆಕ್ಕವೋ ಎಂಬುದನ್ನೂ ಗಟ್ಟಿ ಮಾಡಿಕೊಳ್ಳಬೇಕು. "1ಅ" ಅಕ್ಷರದಲ್ಲಿ 2, ಯುಟಿಎಫ್-8 ಬೈಟ್‌ನಲ್ಲಿ 4. ಆ್ಯಪ್ ಒಂದು ಲೆಕ್ಕ, ಸರ್ವರ್ ಇನ್ನೊಂದು ಲೆಕ್ಕ ಹಿಡಿದರೆ ಕೀ ಹೊಂದುವುದಿಲ್ಲ.

ಭೀಮಾತೀರ (ಅಫಜಲಪುರ)

ಈಗ ಹಳೇ ಡೇಟಾ ತೊಳಿಯೋದು ಹೇಳ್ತೀನಿ. ಟೇಬಲ್ ಬದಲಿಸೋಕ್ಕಿಂತ ಮೊದಲ ಇದು ಆಗಬೇಕು, ರೈತರ ರೊಕ್ಕದ ವಿಷಯ.

ನೋಂದಣಿ ಟೇಬಲ್‌ದಾಗ ಡಿಕ್ಕಿ ಹುಡುಕಬ್ಯಾಡ್ರಿ, ಸಿಗಂಗಿಲ್ಲ. ಎರಡನೇದು ಮೊದಲಿನದರ ಮ್ಯಾಲ ಬರದುಬಿಟ್ಟದ. ತೂಕದ ಚೀಟಿ ಟೇಬಲ್‌ದಾಗ ನೋಡ್ರಿ: ಕೀ ಮ್ಯಾಲ ಗುಂಪು ಮಾಡಿ, ಒಂದಕ್ಕಿಂತ ಹೆಚ್ಚು ರೈತ ನೋಂದಣಿ ಸಂಖ್ಯೆ ಇರೋ ಕೀ ಎಲ್ಲಾ ಹೊರಗ ತಗೀರಿ. ಅದರಾಗ ಜಂಟಿ ಖಾತೆಯವು ಖರೇನೇ ಇರ್ತಾವ, ಅವನ್ನ ಪಹಣಿ ಹಿಡಿದು ಬ್ಯಾರೆ ಮಾಡ್ರಿ. ಉಳಿದಿದ್ದು ಡಿಕ್ಕಿ. ಅವಕ್ಕ ಕಾಗದದ ಅರ್ಜಿನೇ ಆಧಾರ.

ಆಮ್ಯಾಲ ಅಡ್ಡಗೆರಿ ಎಣಸ್ರಿ. ಕೀಯ ಉದ್ದದಾಗ, ಅಡ್ಡಗೆರಿ ತಗದ ಮ್ಯಾಲಿನ ಉದ್ದ ಕಳದ್ರ ಲೆಕ್ಕ ಸಿಗ್ತದ. ಸರ್ನೋಕ್ ನಲ್, ಹಿಸ್ಸಾ ಇದ್ರ 4 ಇರಬೇಕು. 3 ಇದ್ರ ಹಿಸ್ಸಾನೂ ಬಿಟ್ಟಾರ. 5 ಇದ್ರ ಸರ್ನೋಕ್ ಖರೇ ಅದನೋ, ಆಪರೇಟರ್ ಒಳಗ ಅಡ್ಡಗೆರಿ ಹೊಡದಾರೋ ಬಿಡಿ ಕಾಲಂ ನೋಡಿ ಹೇಳಬೇಕು. ಆದ್ರ 4 ಬಂತಂದ್ರ ಎಲ್ಲಾ ಸರಿ ಅಂತಲ್ಲ. ಸರ್ವೆದಾಗ "45-2" ಹೊಡೆದು ಹಿಸ್ಸಾ ಖಾಲಿ ಬಿಟ್ರೂ 4 ಬರ್ತದ. ಅದಕ್ಕ ಸರ್ವೆ ಕಾಲಂದಾಗ ಅಂಕಿ ಬಿಟ್ಟು ಬ್ಯಾರೆ ಏನದ ಅಂತ ಒಂದು ಸಲ ತಗದು ನೋಡ್ರಿ.

ಹಿಸ್ಸಾ ಕಾಲಂದಾಗ "02-ಜನವರಿ" ಅಥವಾ "01-ಫೆಬ್ರವರಿ" ತರಹದ್ದು ಸಿಕ್ರ ಅದು ಎಕ್ಸೆಲ್ ಕೆಲಸ. ಸಿಎಸ್‌ವಿ ಫೈಲ್ ಎಕ್ಸೆಲ್‌ದಾಗ ಹಂಗೇ ತೆರೆದ್ರ "2/1" ತಾರೀಖಾಗ್ತದ, 000101 ಹೋಗಿ 101 ಆಗ್ತದ, ಬರೇ ಅಂಕಿಯ ಉದ್ದನ್ನ ಕೀ ಇದ್ರ 15 ಅಂಕಿ ಆದಮ್ಯಾಲಿನವು ಸೊನ್ನಿ ಆಗ್ತಾವ. ಇಂಪೋರ್ಟ್ ಮಾಡುವಾಗ ಆ ಕಾಲಂ 'ಟೆಕ್ಸ್ಟ್' ಅಂತ ಆರಿಸಿ ತೆರೀಬೇಕು, ಎರಡು ಸಲ ಒತ್ತಿ ತೆರೀಬಾರದು.

ಮುಂದ ಮತ್ತ ಹಂಗ ಆಗದಂಗ ಚೆಕ್ ಕಟ್ಟಳಿ (ಕಾಲಂದಾಗ ಏನು ಬರಬಹುದು ಅನ್ನೋ ನಿಯಮ) ಹಾಕ್ರಿ. ಸರ್ವೆ ಸಂಖ್ಯಾ ಕಾಲಂ ಆದ್ರ ಅದೇ ಸಾಕು, "45-1" ಒಳಗ ಬರಂಗೇ ಇಲ್ಲ. ಹಿಸ್ಸಾಕ್ಕ ಅಂಕಿ, ಕನ್ನಡ ಅಕ್ಷರ, ಓರೆಗೆರಿ, ನಕ್ಷತ್ರ ಇಷ್ಟೇ ಅಂತ ಹಾಕ್ರಿ. ಮೈಎಸ್‌ಕ್ಯೂಎಲ್ 8.0.16ಕ್ಕಿಂತ ಹಳೇದಿದ್ರ ಚೆಕ್ ಬರದ್ರೂ ಅದು ಓದಿ ಬಿಟ್ಟುಬಿಡ್ತದ, ಎರರ್ ಸುದ್ದಾ ಕೊಡಂಗಿಲ್ಲ. ಆವೃತ್ತಿ ನೋಡ್ಕೊಳ್ರಿ.

ಹಳೇ ಸ್ಟ್ರಿಂಗ್ ಕಾಲಂ ಲಗೂ ಅಳಸಬ್ಯಾಡ್ರಿ. 'ಹಳೇ_ಕೀ' ಅಂತ ಹೆಸರು ಬದಲಿಸಿ, ಯೂನಿಕ್ ತಗದು, ಬರೇ ಹುಡುಕಾಟದ ಇಂಡೆಕ್ಸ್ ಇಟ್ಟು, ಮುದ್ರಿಸಿದ ರಸೀದಿ ರೈತರ ಕಡೆ ಇರೋ ತನಕ ಇರ್ಲಿ. ಆ 'ಕೀ ಇದ್ದರೆ ಅಪ್‌ಡೇಟ್' ಆದೇಶ ಮಾತ್ರ ಇವತ್ತೇ ತಗೀರಿ. ಎರಡನೇ ನೋಂದಣಿಗೆ ಎರರ್ ಬಂದ್ರ ಆಪರೇಟರ್ ನಿಂತು ಕೇಳ್ತಾನ, ಆಗ ಇಬ್ಬರ ಪಹಣಿ ಎದುರಿಗಿಟ್ಟು ನೋಡಾಕ ಬರ್ತದ.